ಸಿಲಿಂಡರ್ ನಂಬರಿನ ಜೊತೆಗೆ ಚಾಳೀಸೂ ಬಂದಾಗ: ಕಾಂಟ್ಯಾಕ್ಟ್ ಲೆನ್ಸ್ ಆರಿಸಿಕೊಳ್ಳುವ ಬಗೆ

"ನಿಮಗೆ ಸಿಲಿಂಡರ್ ನಂಬರ್ ಇದೆ, ಅದರ ಮೇಲೆ ಚಾಳೀಸೂ ಬಂದಿದೆ. ಕಾಂಟ್ಯಾಕ್ಟ್ ಲೆನ್ಸಿನ ಆಸೆ ಬಿಡಿ, ಪ್ರೊಗ್ರೆಸಿವ್ ಕನ್ನಡಕ ಮಾಡಿಸಿಕೊಳ್ಳಿ." ನಲವತ್ತು ದಾಟಿದವರ ಕಿವಿಗೆ ಈ ಮಾತು ಎಲ್ಲಿ ಹೋದರೂ ಬೀಳುತ್ತದೆ. ಒಂದು ಕಾಲಕ್ಕೆ ಇದು ಹೆಚ್ಚುಕಡಿಮೆ ನಿಜವೇ ಆಗಿತ್ತು, ಈಗ ಅಲ್ಲ. ಇನ್ನೊಂದು ಕಡೆ ಮೊಬೈಲಿನಲ್ಲಿ ಬರುವ ಜಾಹೀರಾತುಗಳು, ಒಂದೇ ಲೆನ್ಸಿನಲ್ಲಿ ದೂರ, ನಡು, ಹತ್ತಿರ ಮೂರೂ ಇಪ್ಪತ್ತರ ಹರೆಯದಲ್ಲಿ ಕಂಡಂತೆ ಕಾಣುತ್ತವೆ ಎಂದು ಆಸೆ ಹುಟ್ಟಿಸುತ್ತವೆ. ಅದೂ ನಿಜವಲ್ಲ. ತುಮಕೂರಿನಲ್ಲಿ ಕಣ್ಣು ಪರೀಕ್ಷಿಸಿ ಲೆನ್ಸ್ ಕೂರಿಸುವ ಕೆಲಸ ಮಾಡುವ ನಾನು ಬಂದವರಿಗೆ ಮೊದಲೇ ಹೇಳುವುದು ಇಷ್ಟು: ದಾರಿಗಳು ನಾಲ್ಕೈದು ಇವೆ, ಪ್ರತಿಯೊಂದರಲ್ಲೂ ಏನನ್ನಾದರೂ ಸ್ವಲ್ಪ ಬಿಟ್ಟುಕೊಡಲೇಬೇಕು. ಯಾವುದನ್ನು ಬಿಟ್ಟುಕೊಡಬಹುದು ಎಂಬುದನ್ನು ನಿಮ್ಮ ದಿನಚರಿ ತೀರ್ಮಾನಿಸಬೇಕು, ಅಂಗಡಿಯಲ್ಲಿರುವ ದಾಸ್ತಾನು ತೀರ್ಮಾನಿಸಬಾರದು.

ಕಣ್ಣಿನಲ್ಲಿ ಆಗಿರುವುದೇನು

ಎರಡು ತೊಂದರೆಗಳೂ ಕಣ್ಣಿನ ಬೇರೆ ಬೇರೆ ಜಾಗದಲ್ಲಿ ಹುಟ್ಟುವಂಥವು. ಚಾಳೀಸು ಕಣ್ಣಿನೊಳಗಿನ ಸಹಜ ಮಸೂರದ್ದು. ಹತ್ತಿರದ ವಸ್ತುವನ್ನು ನೋಡುವಾಗ ಉಬ್ಬಬೇಕಾದ ಆ ಮಸೂರ ವಯಸ್ಸಾದಂತೆ ಗಡುಸಾಗುತ್ತದೆ, ಉಬ್ಬುವುದಿಲ್ಲ. ಇದು ಎಲ್ಲರಿಗೂ ಬರುತ್ತದೆ, ತಡೆಯುವ ವ್ಯಾಯಾಮವಿಲ್ಲ. ಸಿಲಿಂಡರ್ ನಂಬರ್, ಅಂದರೆ ಅಸ್ಟಿಗ್ಮ್ಯಾಟಿಸಂ, ಬಹುಮಟ್ಟಿಗೆ ಕಣ್ಣಿನ ಮುಂಭಾಗದ ಪಾರದರ್ಶಕ ಪದರವಾದ ಕಾರ್ನಿಯಾದ್ದು. ಸುಲಿಯದ ತೆಂಗಿನಕಾಯಿಯನ್ನು ನೆನಪಿಸಿಕೊಳ್ಳಿ: ಉದ್ದಕ್ಕೆ ಒಂದು ಬಾಗು, ಅಡ್ಡಕ್ಕೆ ಇನ್ನೊಂದು ಬಾಗು. ಕಾರ್ನಿಯಾ ಹಾಗಿದ್ದರೆ ಅಡ್ಡ ಗೆರೆ ಒಂದು ಕಡೆ, ನೇರ ಗೆರೆ ಇನ್ನೊಂದು ಕಡೆ ಕೇಂದ್ರೀಕರಿಸುತ್ತದೆ. ಅಕ್ಷರಕ್ಕೆ ನೆರಳು ಮೂಡುತ್ತದೆ. ಈ ತೊಂದರೆಗೆ ಸಿಲಿಂಡರ್ ಮಸೂರದ ಕನ್ನಡಕವನ್ನು ಮೊದಲು ಮಾಡಿಸಿಕೊಂಡವನು ಬ್ರಿಟಿಷ್ ಖಗೋಳ ವಿಜ್ಞಾನಿ ಜಾರ್ಜ್ ಐರಿ. 1825ರ ಸುಮಾರಿಗೆ, ತನ್ನದೇ ಕಣ್ಣಿಗೆ, ತಾನೇ ಲೆಕ್ಕ ಹಾಕಿ.

ಮೈನಸ್ ನಂಬರಿನವರು ಇಲ್ಲಿ ಒಂದು ಮಾತನ್ನು ಗಮನಿಸಬೇಕು, ಏಕೆಂದರೆ ಇದನ್ನು ಮುಂಚೆಯೇ ಯಾರೂ ಹೇಳುವುದಿಲ್ಲ. ನೀವು ಇಷ್ಟು ದಿನ ಓದುವಾಗ ಕನ್ನಡಕವನ್ನು ಹಣೆಯ ಮೇಲೆ ಏರಿಸಿಕೊಂಡು ಸುಲಭವಾಗಿ ಓದುತ್ತಿದ್ದಿರಬಹುದು. ಲೆನ್ಸನ್ನು ಹಾಗೆ ಏರಿಸಿಕೊಳ್ಳಲಾಗುವುದಿಲ್ಲ. ಅಲ್ಲದೆ ಅದೇ ನಂಬರಿನ ಕನ್ನಡಕಕ್ಕಿಂತ ಲೆನ್ಸಿನಲ್ಲಿ ಹತ್ತಿರ ನೋಡಲು ಮೈನಸ್ ಕಣ್ಣು ಹೆಚ್ಚು ಶ್ರಮಪಡಬೇಕು. ಹಾಗಾಗಿ ಲೆನ್ಸ್ ಹಾಕಿದ ದಿನವೇ ಚಾಳೀಸು ಧುತ್ತೆಂದು ಹೆಚ್ಚಾದಂತೆ ಅನ್ನಿಸುತ್ತದೆ. ಲೆನ್ಸ್ ಕೆಟ್ಟದ್ದಲ್ಲ, ಕಣ್ಣೂ ಹಾಳಾಗಿಲ್ಲ. ಪ್ಲಸ್ ನಂಬರಿನವರಿಗೆ ಇದರ ಉಲ್ಟಾ: ಲೆನ್ಸಿನಲ್ಲಿ ಅವರಿಗೆ ಓದು ಸ್ವಲ್ಪ ಸಲೀಸು.

ಮೊದಲ ಕೆಲಸ: ನಂಬರಿನ ಚೀಟಿ ಓದಿಕೊಳ್ಳಿ

ಆರು ತಿಂಗಳೊಳಗಿನ ಚೀಟಿ ಇರಲಿ. ಹಳೆಯದಾಗಿದ್ದರೆ ಮತ್ತೆ ಪರೀಕ್ಷೆ ಮಾಡಿಸಿ. ಚೀಟಿಯಲ್ಲಿ ನಾಲ್ಕು ಅಂಕಣಗಳಿರುತ್ತವೆ: ಸ್ಫಿಯರ್, ಸಿಲಿಂಡರ್, ಆಕ್ಸಿಸ್, ಆಡ್. ಸ್ಫಿಯರ್ ಮೂಲ ನಂಬರ್. ಸಿಲಿಂಡರ್ ಕಾರ್ನಿಯಾದ ಆ ಅಸಮ ಬಾಗಿನ, ಅಂದರೆ ಓರೆಯ ಪ್ರಮಾಣ. ಆಕ್ಸಿಸ್ ಆ ಓರೆ ಯಾವ ದಿಕ್ಕಿನಲ್ಲಿದೆ ಎಂದು 1ರಿಂದ 180 ಡಿಗ್ರಿಯಲ್ಲಿ ಹೇಳುತ್ತದೆ. ಆಡ್ ಎಂದರೆ ಓದಲು ಮೇಲೆ ಸೇರಿಸಬೇಕಾದ ಪ್ಲಸ್. ನಲವತ್ತರ ಆಸುಪಾಸಿನಲ್ಲಿ +1.00 ಇದ್ದದ್ದು ಐವತ್ತರ ಹೊತ್ತಿಗೆ +2.00 ಸಮೀಪಿಸಿ, ಅರವತ್ತರ ಸುಮಾರಿಗೆ +2.50ರಲ್ಲಿ ನಿಲ್ಲುತ್ತದೆ.

ಒಂದು ಉದಾಹರಣೆ ಇಟ್ಟುಕೊಳ್ಳೋಣ, ಮುಂದೆಲ್ಲಾ ಇದೇ ಚೀಟಿ ಬಳಸುತ್ತೇನೆ. ಬಲಗಣ್ಣು: ಸ್ಫಿಯರ್ -2.00, ಸಿಲಿಂಡರ್ -1.25, ಆಕ್ಸಿಸ್ 180. ಎಡಗಣ್ಣು: ಸ್ಫಿಯರ್ -2.25, ಸಿಲಿಂಡರ್ -0.50, ಆಕ್ಸಿಸ್ 170. ಆಡ್ ಎರಡಕ್ಕೂ +1.50. ನಲವತ್ತಾರು, ನಲವತ್ತೇಳರ ಶಾಲಾ ಶಿಕ್ಷಕಿಯೊಬ್ಬರ ಚೀಟಿ ಎಂದುಕೊಳ್ಳಿ.

ಇದರಲ್ಲಿ ಮೊದಲು ಕಣ್ಣು ಹಾಯಿಸಬೇಕಾದದ್ದು ಸಿಲಿಂಡರಿನ ಮೇಲೆ. ಅದು 0.50 ಅಥವಾ ಅದಕ್ಕಿಂತ ಕಡಿಮೆಯಿದ್ದರೆ ಸಾಮಾನ್ಯವಾಗಿ ಪ್ರತ್ಯೇಕ ಲೆನ್ಸ್ ಬೇಕಾಗುವುದಿಲ್ಲ. ಸಿಲಿಂಡರಿನ ಅರ್ಧವನ್ನು ಸ್ಫಿಯರಿಗೆ ಸೇರಿಸಿದರೆ ಸಾಕು. ನಮ್ಮ ಶಿಕ್ಷಕಿಯ ಎಡಗಣ್ಣಿಗೆ -2.25ಕ್ಕೆ -0.25 ಸೇರಿಸಿ -2.50ರ ಸಾದಾ ಲೆನ್ಸ್ ಆಗುತ್ತದೆ. 0.75ರಿಂದ ಮೇಲೆ ಇದ್ದರೆ ಓರೆಯನ್ನೂ ತಿದ್ದುವ ಟಾರಿಕ್ ಲೆನ್ಸ್ ಬೇಕು. ಬಲಗಣ್ಣಿಗೆ ಅದೇ. ಅಂದರೆ ಒಂದೇ ಮುಖದ ಎರಡು ಕಣ್ಣಿಗೆ ಎರಡು ಬಗೆಯ ಲೆನ್ಸ್. ಇದರಲ್ಲಿ ವಿಚಿತ್ರವೇನೂ ಇಲ್ಲ, ಮುಂದೆ ಇದೇ ಅನುಕೂಲವಾಗುವುದನ್ನು ನೋಡುತ್ತೀರಿ.

ಕೆಲವು ಚೀಟಿಗಳಲ್ಲಿ ಸಿಲಿಂಡರನ್ನು ಪ್ಲಸ್‌ನಲ್ಲಿ ಬರೆದಿರುತ್ತಾರೆ. ಗಾಬರಿ ಬೇಡ. +0.50, +1.00, ಆಕ್ಸಿಸ್ 90 ಎಂಬುದೂ +1.50, -1.00, ಆಕ್ಸಿಸ್ 180 ಎಂಬುದೂ ಒಂದೇ ನಂಬರ್. ಕಾಂಟ್ಯಾಕ್ಟ್ ಲೆನ್ಸಿನ ಡಬ್ಬಿಯ ಮೇಲೆ ಮಾತ್ರ ಮೈನಸ್‌ನಲ್ಲೇ ಬರೆದಿರುತ್ತದೆ.

ಕನ್ನಡಕದ ಚೀಟಿ ಲೆನ್ಸಿನ ಚೀಟಿಯಲ್ಲ. ಕನ್ನಡಕ ಕಣ್ಣಿನಿಂದ ಸುಮಾರು 12 ಮಿಲಿಮೀಟರ್ ಮುಂದಿರುತ್ತದೆ, ಲೆನ್ಸ್ ಕಣ್ಣಿಗೆ ಅಂಟಿಯೇ ಕೂರುತ್ತದೆ. ನಂಬರ್ 4.00 ದಾಟಿದರೆ ಈ ಅಂತರದ ಲೆಕ್ಕ ಹಾಕಲೇಬೇಕು, -6.00ರ ಕನ್ನಡಕದವರಿಗೆ ಲೆನ್ಸ್ -5.50ರ ಆಸುಪಾಸಿನಲ್ಲಿರುತ್ತದೆ. ಜೊತೆಗೆ ಲೆನ್ಸಿನ ಬಾಗು, ಅಗಲ, ಕಂಪನಿ ಇವೂ ಲೆನ್ಸಿನ ಚೀಟಿಯಲ್ಲಿ ಇರಬೇಕು. ಕನ್ನಡಕದ ಚೀಟಿ ಹಿಡಿದು ಆನ್‌ಲೈನಿನಲ್ಲಿ ಟಾರಿಕ್ ಲೆನ್ಸ್ ತರಿಸಿಕೊಳ್ಳುವುದು ಅಳತೆ ಕೊಡದೆ ರವಿಕೆ ಹೊಲಿಸುವ ಕೆಲಸ.

ಎರಡನೆಯದು: ದಿನದಲ್ಲಿ ಎಷ್ಟು ದೂರದ ಕೆಲಸ ಎಷ್ಟು ಹೊತ್ತು?

ಇದನ್ನು ಕಾಗದದ ಮೇಲೆ ಬರೆದುಕೊಂಡು ಬರುವವರು ಅಪರೂಪ. ಬರೆದು ತಂದವರಿಗೆ ಲೆನ್ಸ್ ಹೊಂದಿಸುವುದು ಅರ್ಧ ಸುಲಭ. ಬೆಳಿಗ್ಗೆ ರೈಲಿನಲ್ಲಿ ಬೆಂಗಳೂರಿಗೆ ಹೋಗಿ ಸಂಜೆ ಮರಳುವವರು ಹೋಗುವಾಗ ಬರುವಾಗ ಮೊಬೈಲನ್ನು ಒಂದಡಿ, ಒಂದೂಕಾಲು ಅಡಿಯಲ್ಲಿ ಹಿಡಿದಿರುತ್ತಾರೆ; ಕಚೇರಿಯಲ್ಲಿ ಕಂಪ್ಯೂಟರ್ ಎರಡಡಿಯಲ್ಲಿರುತ್ತದೆ. ರಾಷ್ಟ್ರೀಯ ಹೆದ್ದಾರಿ 48ರಲ್ಲಿ ರಾತ್ರಿ ಕಾರು ಓಡಿಸುವವರ ಕಥೆಯೇ ಬೇರೆ. ಶಿಕ್ಷಕಿ ಕೊನೆಯ ಬೆಂಚಿನ ಮಗುವನ್ನೂ ಕೈಯಲ್ಲಿರುವ ನೋಟ್‌ಬುಕ್ಕನ್ನೂ ನಿಮಿಷಕ್ಕೊಮ್ಮೆ ಬದಲಿಸಿ ನೋಡಬೇಕು. ತಿಪಟೂರಿನ ಮಂಡಿಯಲ್ಲಿ ಕೊಬ್ಬರಿ ಆರಿಸುವವರಿಗೆ ತೋಳಿನಳತೆಯ ದೂರ ಮುಖ್ಯ. ದರ್ಜಿಗೆ ಸೂಜಿಯ ಕಣ್ಣು.

ಹೀಗೆ ಬರೆಯಿರಿ: ಯಾವ ದೂರದ ಕೆಲಸ ತಪ್ಪಿದರೆ ಅಪಾಯ, ಯಾವುದು ತಪ್ಪಿದರೆ ಬರೀ ಕಿರಿಕಿರಿ. ರಾತ್ರಿಯ ಚಾಲನೆ ಮೊದಲ ಗುಂಪಿಗೆ ಸೇರುತ್ತದೆ. ಮಾತ್ರೆ ಪಟ್ಟಿಯ ಮೇಲಿನ ಸಣ್ಣ ಅಕ್ಷರ ಎರಡನೆಯದಕ್ಕೆ, ಏಕೆಂದರೆ ಅದಕ್ಕೆ ಕನ್ನಡಕ ಏರಿಸಲು ಸಮಯವಿರುತ್ತದೆ.

ಮೂರನೆಯದು: ಈ ಕಣ್ಣು ಲೆನ್ಸ್ ಹೊರುತ್ತದೆಯೇ?

ನಲವತ್ತರ ಮೇಲೆ ಕಣ್ಣೀರಿನ ಪದರ ತೆಳುವಾಗುತ್ತದೆ, ಮುಟ್ಟು ನಿಲ್ಲುವ ವಯಸ್ಸಿನ ಹೆಂಗಸರಲ್ಲಿ ಇನ್ನೂ ಹೆಚ್ಚು. ಅಲರ್ಜಿಗೆ ನುಂಗುವ ಕೆಲವು ಮಾತ್ರೆಗಳೂ ಕಣ್ಣನ್ನು ಒಣಗಿಸುತ್ತವೆ. ಕಣ್ಣು ಒಣಗಿದರೆ ಲೆನ್ಸ್ ಉರಿಯುವುದು ಮಾತ್ರವಲ್ಲ, ದೂರ, ಹತ್ತಿರ ಎರಡನ್ನೂ ಒಂದರಲ್ಲೇ ತೋರಿಸುವ ಮಲ್ಟಿಫೋಕಲ್ ಲೆನ್ಸಿನಲ್ಲಿ ನೋಟವೇ ಮಂಕಾಗುತ್ತದೆ. ಆದ್ದರಿಂದ ಕಣ್ಣೀರಿನ ಪರೀಕ್ಷೆ ಆಗಬೇಕು. ಕಣ್ಣಿನ ಬಿಳಿಭಾಗದಿಂದ ಕರಿಗುಡ್ಡೆಯ ಕಡೆಗೆ ದುರ್ಮಾಂಸ ಬೆಳೆದಿದ್ದರೆ, ಬಿಸಿಲು ಧೂಳಿನಲ್ಲಿ ದುಡಿಯುವವರಲ್ಲಿ ಇದು ಸಾಮಾನ್ಯ, ಲೆನ್ಸಿನ ಅಂಚು ಅದರ ಮೇಲೆ ಉಜ್ಜುತ್ತದೆ. ಅದೇ ಸಿಲಿಂಡರ್ ನಂಬರನ್ನೂ ಹುಟ್ಟಿಸಿರಬಹುದು.

ಸಕ್ಕರೆ ಕಾಯಿಲೆ ಇರುವವರು ಮುಚ್ಚಿಡಬಾರದು. ಸಕ್ಕರೆ ಏರಿಳಿದರೆ ನಂಬರೂ ಏರಿಳಿಯುತ್ತದೆ, ಕಾರ್ನಿಯಾಗೆ ಗಾಯವಾದರೆ ಬೇಗ ಮಾಯುವುದಿಲ್ಲ. ಐವತ್ತರ ನಂತರ ಇದ್ದಕ್ಕಿದ್ದಂತೆ ಮೈನಸ್ ಹೆಚ್ಚಾಗಿ, ಕನ್ನಡಕವಿಲ್ಲದೆ ಓದುವುದು ಸುಲಭವಾಗಿದ್ದರೆ ಖುಷಿಪಡುವ ಮುನ್ನ ಪೊರೆ ಬರುತ್ತಿದೆಯೇ ಎಂದು ನೋಡಿಸಿ. ವರ್ಷ ವರ್ಷಕ್ಕೂ ಸಿಲಿಂಡರ್ ಜಿಗಿಯುತ್ತಿದ್ದರೆ ಕಾರ್ನಿಯಾದ ನಕ್ಷೆ ತೆಗೆಸಬೇಕು; ಅದು ಕೋನಿನಂತೆ ಚೂಪಾಗುವ ಕೆರಟೊಕೋನಸ್ ಇರಬಹುದು, ಅದರ ದಾರಿ ಬೇರೆ. ಇದೆಲ್ಲಾ ಕನ್ನಡಕದ ಅಂಗಡಿಯ ಕಂಪ್ಯೂಟರ್ ಪರೀಕ್ಷೆಯಲ್ಲಿ ಸಿಗುವಂಥದ್ದಲ್ಲ. ಕಣ್ಣನ್ನು ದೊಡ್ಡದಾಗಿ ತೋರಿಸುವ ಉಪಕರಣವಾದ ಸ್ಲಿಟ್ ಲ್ಯಾಂಪಿನ ಮುಂದೆ ಗಲ್ಲ ಇಟ್ಟು ಒಮ್ಮೆ ಕೂರಲೇಬೇಕು, ಕಣ್ಣಿನ ಒತ್ತಡವನ್ನೂ ಅದೇ ಸಲ ನೋಡಿಸಿಬಿಡಿ.

ನಾಲ್ಕನೆಯದು: ದಾರಿ ಆರಿಸುವುದು

ಮೊದಲ ದಾರಿ ಎಲ್ಲಕ್ಕಿಂತ ಸರಳ. ದೂರಕ್ಕೆ ಲೆನ್ಸ್, ಓದಲು ಮೇಲೊಂದು ಕನ್ನಡಕ. ಶಿಕ್ಷಕಿಗೆ ಬಲಕ್ಕೆ ಟಾರಿಕ್ -2.00, -1.25, 180, ಎಡಕ್ಕೆ ಸಾದಾ -2.50, ಪುಸ್ತಕ ಹಿಡಿದಾಗ +1.50ರ ಓದುವ ಕನ್ನಡಕ. ಜನ ಇದನ್ನು ಕೇಳಿ ಮುಖ ಸಣ್ಣದು ಮಾಡುತ್ತಾರೆ: "ಕನ್ನಡಕ ಬೇಡವೆಂದೇ ಅಲ್ಲವೇ ಲೆನ್ಸಿಗೆ ಬಂದದ್ದು?" ಆದರೆ ದೂರವೂ ಹತ್ತಿರವೂ ಅತ್ಯಂತ ಸ್ಪಷ್ಟವಾಗಿ ಕಾಣುವುದು ಈ ದಾರಿಯಲ್ಲೇ. ಇದರಲ್ಲೊಂದು ಲಾಭವೂ ಇದೆ. ಸಿಲಿಂಡರ್ ಇರುವವರಿಗೆ ಎಂ.ಜಿ. ರಸ್ತೆಯ ಬದಿಯಲ್ಲಿ ಮಾರುವ ಸಿದ್ಧ ಕನ್ನಡಕ ಸಾಮಾನ್ಯವಾಗಿ ಹೊಂದುವುದಿಲ್ಲ, ಎರಡೂ ಗಾಜಿಗೆ ಒಂದೇ ನಂಬರ್, ಓರೆಯ ತಿದ್ದುಪಡಿ ಇಲ್ಲ. ಲೆನ್ಸ್ ಈಗ ಓರೆಯನ್ನೂ ಎರಡು ಕಣ್ಣಿನ ವ್ಯತ್ಯಾಸವನ್ನೂ ತಿದ್ದಿಬಿಟ್ಟಿದೆ. ಹಾಗಾಗಿ ಅದೇ ಅಗ್ಗದ +1.50 ನಿಮಗೂ ಸರಿಹೋಗುತ್ತದೆ. ಮನೆಯಲ್ಲೊಂದು, ಚೀಲದಲ್ಲೊಂದು, ಶಾಲೆಯ ಮೇಜಿನಲ್ಲೊಂದು ಇಟ್ಟುಕೊಳ್ಳಬಹುದು. ವೃತ್ತಿಯಾಗಿ ವಾಹನ ಓಡಿಸುವವರಿಗೆ ನಾನು ಬೇರೆ ದಾರಿ ಸೂಚಿಸುವುದೇ ಇಲ್ಲ.

ಎರಡನೆಯದು ಮೊನೊವಿಷನ್. ಒಂದು ಕಣ್ಣನ್ನು ದೂರಕ್ಕೆ, ಇನ್ನೊಂದನ್ನು ಹತ್ತಿರಕ್ಕೆ ಹೊಂದಿಸುವುದು. ಯಾವ ಕಣ್ಣು ದೂರಕ್ಕೆ ಎಂದು ತಿಳಿಯಲು ಎರಡೂ ಅಂಗೈಗಳನ್ನು ಮುಂದೆ ಚಾಚಿ ಬೆರಳುಗಳ ನಡುವೆ ಸಣ್ಣ ಕಿಂಡಿ ಮಾಡಿ, ದೂರದ ಗಡಿಯಾರವನ್ನೋ ಕಂಬವನ್ನೋ ಎರಡೂ ಕಣ್ಣಿನಿಂದ ಆ ಕಿಂಡಿಯೊಳಗೆ ನೋಡಿ. ಈಗ ಒಂದೊಂದೇ ಕಣ್ಣು ಮುಚ್ಚಿ. ಯಾವ ಕಣ್ಣು ತೆರೆದಿದ್ದಾಗ ಗಡಿಯಾರ ಕಿಂಡಿಯಲ್ಲೇ ಉಳಿಯುತ್ತದೆಯೋ ಅದು ನಿಮ್ಮ ಮುಂದಾಳು ಕಣ್ಣು. ಸಾಮಾನ್ಯವಾಗಿ ದೂರದ ಲೆನ್ಸ್ ಅದಕ್ಕೆ. ಶಿಕ್ಷಕಿಯ ಮುಂದಾಳು ಬಲಗಣ್ಣಾದರೆ ಅಲ್ಲಿ ಪೂರ್ಣ ಟಾರಿಕ್, ಎಡಕ್ಕೆ -2.50ಕ್ಕೆ +1.50 ಸೇರಿಸಿ -1.00. ಮೊದಲು ಕೇಳುವಾಗ ಇದು ಹುಚ್ಚಾಟದಂತೆ ತೋರಿದರೂ ಅನೇಕರ ಮೆದುಳು ಒಂದೆರಡು ವಾರದಲ್ಲಿ ಹೊಂದಿಕೊಳ್ಳುತ್ತದೆ. ಆಡ್ +1.50ರವರೆಗೆ ಚೆನ್ನ. ಅದಕ್ಕಿಂತ ಹೆಚ್ಚಾದರೆ ಎರಡು ಕಣ್ಣಿನ ನಡುವೆ ಬಿರುಕು ದೊಡ್ಡದಾಗಿ ಆಳದ ಅಂದಾಜು ತಪ್ಪುತ್ತದೆ, ಮೆಟ್ಟಿಲು ಇಳಿಯುವಾಗ, ಎದುರಿನ ಬೈಕ್ ಎಷ್ಟು ಹತ್ತಿರವಿದೆ ಎಂದು ಅಳೆಯುವಾಗ. ಆ ಎರಡು ವಾರ ಗಾಡಿ ಓಡಿಸಬೇಡಿ. ಆಮೇಲೂ ರಾತ್ರಿ ಪ್ರಯಾಣಕ್ಕೆಂದು ಹತ್ತಿರದ ಕಣ್ಣನ್ನು ದೂರಕ್ಕೆ ತಿದ್ದುವ ಒಂದು ಕನ್ನಡಕವನ್ನು ಲೆನ್ಸಿನ ಮೇಲೆ ಹಾಕಿಕೊಳ್ಳಲು ಮಾಡಿಸಿಟ್ಟುಕೊಳ್ಳಿ.

ಮೂರನೆಯದು ಮಲ್ಟಿಫೋಕಲ್ ಲೆನ್ಸ್. ಪ್ರೊಗ್ರೆಸಿವ್ ಕನ್ನಡಕದಲ್ಲಿ ಕಣ್ಣನ್ನು ಕೆಳಗಿಳಿಸಿ ಓದುತ್ತೇವೆ. ಮೆತ್ತನೆಯ ಮಲ್ಟಿಫೋಕಲ್ ಲೆನ್ಸ್ ಕಣ್ಣಿನ ಜೊತೆಗೇ ಚಲಿಸುವುದರಿಂದ ಆ ಉಪಾಯ ಇಲ್ಲಿ ನಡೆಯದು. ಇದರಲ್ಲಿ ಬಳೆಯ ಮೇಲೆ ಬಳೆ ಇಟ್ಟ ಹಾಗೆ ವೃತ್ತಗಳಲ್ಲಿ ನಂಬರ್ ಬದಲಾಗುತ್ತಾ ಹೋಗುತ್ತದೆ, ಹೆಚ್ಚಿನವುಗಳಲ್ಲಿ ನಡುವೆ ಓದುವ ನಂಬರ್, ಹೊರಗೆ ದೂರದ್ದು. ದೂರ ಮತ್ತು ಹತ್ತಿರದ ಬಿಂಬಗಳೆರಡೂ ಒಟ್ಟಿಗೇ ಕಣ್ಣಿನೊಳಗೆ ಬೀಳುತ್ತವೆ, ಬೇಕಾದ್ದನ್ನು ಮೆದುಳು ಆರಿಸಿಕೊಳ್ಳುತ್ತದೆ. ಇದಕ್ಕಾಗಿ ಬಿಟ್ಟುಕೊಡಬೇಕಾದದ್ದು ಬಿಂಬದ ಕಡುಪು. ಕಪ್ಪು ಅಷ್ಟು ಕಪ್ಪಾಗಿ ಕಾಣದು, ರಾತ್ರಿ ಎದುರು ವಾಹನದ ದೀಪದ ಸುತ್ತ ಪ್ರಭೆ ಮೂಡುತ್ತದೆ, ಮಂದ ಬೆಳಕಿನಲ್ಲಿ ಪಾಪೆ ಹಿಗ್ಗಿದಾಗ ಓದು ಕಷ್ಟ. ಸಾದಾ ಮಲ್ಟಿಫೋಕಲ್ ಸಿಲಿಂಡರನ್ನು ತಿದ್ದುವುದಿಲ್ಲ. 0.50 ಇದ್ದರೆ ನಡೆಯುತ್ತದೆ, 0.75ರಲ್ಲಿ ಕೆಲವರಿಗೆ ನಡೆಯುತ್ತದೆ. 1.25 ಇರುವ ಕಣ್ಣಿಗೆ ಅದನ್ನು ಹಾಕಿ "ಸ್ವಲ್ಪ ದಿನ ಅಭ್ಯಾಸವಾಗುತ್ತದೆ" ಎಂದು ಕಳಿಸುವುದು ಸರಿಯಲ್ಲ. ಓರೆಯ ನೆರಳಿನ ಮೇಲೆ ಎರಡು ಬಿಂಬದ ಮಬ್ಬು ಕೂಡಿಕೊಳ್ಳುತ್ತದೆ, ಅಭ್ಯಾಸ ಆಗುವುದು ತಲೆನೋವು.

ನಾಲ್ಕನೆಯದು ಟಾರಿಕ್ ಮಲ್ಟಿಫೋಕಲ್, ಎರಡೂ ತಿದ್ದುಪಡಿ ಒಂದೇ ಲೆನ್ಸಿನಲ್ಲಿ. ಇಂಥವು ಇವೆ. ಎಲ್ಲಾ ನಂಬರಿನಲ್ಲೂ ಅಂಗಡಿಯಲ್ಲಿ ಸಿದ್ಧವಿರುವುದಿಲ್ಲ, ಆರ್ಡರ್ ಕೊಟ್ಟು ತರಿಸಬೇಕು, ಬೆಲೆಯೂ ಏರು. ಕೇಳಲು ಇದೇ ಪರಿಪೂರ್ಣ ಉತ್ತರದಂತಿದೆ. ಆದರೆ ಟಾರಿಕ್ ಲೆನ್ಸ್ ಕಣ್ಣಿನಲ್ಲಿ ತಿರುಗಬಾರದು, ಮಲ್ಟಿಫೋಕಲ್ ಪಾಪೆಯ ನೇರಕ್ಕೆ ಕೂರಬೇಕು. ಎರಡು ಷರತ್ತೂ ಒಟ್ಟಿಗೆ ಈಡೇರಬೇಕು. ಎರಡೂ ಕಣ್ಣಿನಲ್ಲಿ ಸಿಲಿಂಡರ್ 1.00 ದಾಟಿದ್ದು, ಕನ್ನಡಕವನ್ನು ನಿಜಕ್ಕೂ ದೂರವಿಡಬೇಕಾದ ಕೆಲಸದವರು ಮಾತ್ರ ಇದಕ್ಕೆ ಪ್ರಯತ್ನಿಸಲಿ, ಅದೂ ಟ್ರಯಲ್ ನೋಡಿದ ಮೇಲೆ.

ನನಗೆ ಹಿಡಿಸಿದ್ದು ಬೆರಕೆಯ ದಾರಿ. ಶಿಕ್ಷಕಿಯ ಚೀಟಿಯನ್ನು ಮತ್ತೆ ನೋಡಿ. ಸಿಲಿಂಡರ್ ಹೆಚ್ಚಿರುವ ಬಲಗಣ್ಣಿಗೆ ದೂರದ ಟಾರಿಕ್, ಸಿಲಿಂಡರ್ ಇಲ್ಲದಂತೆಯೇ ಇರುವ ಎಡಗಣ್ಣಿಗೆ ಸಾದಾ ಮಲ್ಟಿಫೋಕಲ್. ದೂರಕ್ಕೆ ಎರಡೂ ಕಣ್ಣು ಕೂಡಿಯೇ ದುಡಿಯುತ್ತವೆ, ಆದ್ದರಿಂದ ಮೊನೊವಿಷನ್ನಿನ ಬಿರುಕಿಲ್ಲ. ನೋಟ್‌ಬುಕ್ ನೋಡುವಾಗ ಎಡಗಣ್ಣು ಮುಂದೆ ಬರುತ್ತದೆ. ಎರಡೂ ಲೆನ್ಸ್ ಸುಲಭವಾಗಿ ಸಿಗುವಂಥವು. ಸಣ್ಣ ಅಕ್ಷರಕ್ಕೆ ಆಗೀಗ ಕನ್ನಡಕ ಬೇಕಾಗಬಹುದು, ಆಗಲಿ. ನಮ್ಮಲ್ಲಿಗೆ ಬರುವ ಅನೇಕರಿಗೆ ಎರಡು ಕಣ್ಣಿನ ಸಿಲಿಂಡರ್ ಒಂದೇ ಸಮ ಇರುವುದಿಲ್ಲ. ಅದನ್ನು ತೊಂದರೆ ಎಂದುಕೊಳ್ಳದೆ ಬಳಸಿಕೊಳ್ಳಬೇಕು.

ಇನ್ನು ಗಟ್ಟಿ ಲೆನ್ಸ್, ಅಂದರೆ ಆಮ್ಲಜನಕ ಹಾಯಲು ಬಿಡುವ ಆರ್‌ಜಿಪಿ. ಇದು ಬಾಗುವುದಿಲ್ಲ, ಇದರ ಹಿಂದೆ ತುಂಬುವ ಕಣ್ಣೀರೇ ಕಾರ್ನಿಯಾದ ಓರೆಯನ್ನು ಸರಿದೂಗಿಸುತ್ತದೆ. ಹೆಚ್ಚು ಸಿಲಿಂಡರ್ ಇರುವವರಿಗೆ ಇದರಷ್ಟು ಕಡಕ್ಕಾದ ನೋಟ ಮೆತ್ತನೆಯ ಲೆನ್ಸಿನಲ್ಲಿ ಸಿಗದು. ಕೆಳಗೆ ನೋಡಿದಾಗ ರೆಪ್ಪೆಯಂಚಿಗೆ ತಾಗಿ ಮೇಲೆ ಸರಿದು ಓದುವ ಭಾಗ ಒದಗಿಸುವ ಬೈಫೋಕಲ್ ಆರ್‌ಜಿಪಿಯೂ ಇದೆ. ಓರೆ ಕಾರ್ನಿಯಾದಲ್ಲಿರದೆ ಒಳಗಿನ ಮಸೂರದಲ್ಲಿದ್ದರೆ ಮಾತ್ರ ಸಾದಾ ಆರ್‌ಜಿಪಿ ಉಪಯೋಗಕ್ಕೆ ಬಾರದು. ಮೊದಲ ವಾರಗಳಲ್ಲಿ ಚುಚ್ಚುತ್ತದೆ. ಶಿರಾ ರಸ್ತೆಯಲ್ಲೋ ವಸಂತನರಸಾಪುರದ ಕಡೆಯೋ ದ್ವಿಚಕ್ರ ವಾಹನದಲ್ಲಿ ದಿನವೂ ಓಡಾಡುವವರಿಗೆ ಒಂದು ಕಣ ಧೂಳು ಅದರಡಿ ಸೇರಿದರೆ ಸಾಕು, ರಸ್ತೆಯ ಬದಿಗೆ ಗಾಡಿ ನಿಲ್ಲಿಸಲೇಬೇಕು. ಕೆರಟೊಕೋನಸ್ ಇದ್ದವರಿಗೆ, ಕಣ್ಣಿನ ಬಿಳಿಭಾಗದ ಮೇಲೆ ಕೂರುವ ಅಗಲವಾದ ಸ್ಕ್ಲೆರಲ್ ಲೆನ್ಸ್ ಬೇಕಾದವರಿಗೆ ಬೆಂಗಳೂರಿನ ದೊಡ್ಡ ಕಣ್ಣಾಸ್ಪತ್ರೆಯ ಲೆನ್ಸ್ ವಿಭಾಗವೇ ಸರಿ.

ಹನಿ ಔಷಧ ಹಾಕಿದರೆ ಚಾಳೀಸು ಹೋಗುತ್ತದಂತೆ, ಹೌದೇ ಎಂದು ಕೇಳುವವರಿಗೆ: 2024ರಲ್ಲಿ ಪತ್ರಿಕೆಗಳಲ್ಲಿ ಸದ್ದು ಮಾಡಿದ ಆ ಹನಿಯಲ್ಲಿರುವುದು ಪೈಲೊಕಾರ್ಪಿನ್. ಅದು ಪಾಪೆಯನ್ನು ಕೆಲವು ಗಂಟೆ ಕಿರಿದಾಗಿಸಿ ಓದಲು ನೆರವಾಗುತ್ತದೆ, ಗಡುಸಾದ ಮಸೂರವನ್ನು ಮೊದಲಿನಂತೆ ಮಾಡುವುದಿಲ್ಲ. ಅದರ ಬಗ್ಗೆ ಅತಿಯಾದ ಪ್ರಚಾರ ನಡೆದಾಗ ಔಷಧ ನಿಯಂತ್ರಕರು ಅದೇ ಸೆಪ್ಟೆಂಬರಿನಲ್ಲಿ ಅನುಮತಿಯನ್ನು ಅಮಾನತಿನಲ್ಲಿಟ್ಟಿದ್ದರು.

ಐದನೆಯದು: ಟ್ರಯಲ್ ಲೆನ್ಸ್ ಹಾಕಿಕೊಂಡು ಬೀದಿಗೆ ಬನ್ನಿ

ಟ್ರಯಲ್ ಕೊಡದ ಕಡೆ ಟಾರಿಕ್ಕನ್ನಾಗಲಿ ಮಲ್ಟಿಫೋಕಲನ್ನಾಗಲಿ ಕೊಳ್ಳಬೇಡಿ. ಹಾಕಿದ ಮೇಲೆ ಲೆನ್ಸ್ ನೆಲೆಗೊಳ್ಳಲು ಹದಿನೈದು ಇಪ್ಪತ್ತು ನಿಮಿಷ ಬೇಕು. ಟಾರಿಕ್ ಲೆನ್ಸಿನ ಮೇಲೆ ಸಣ್ಣ ಗೆರೆ ಅಥವಾ ಚುಕ್ಕೆ ಇರುತ್ತದೆ, ಬಹಳಷ್ಟು ಕಂಪನಿಗಳಲ್ಲಿ ಗಡಿಯಾರದ ಆರು ಗಂಟೆಯ ಜಾಗದಲ್ಲಿ. ಪರೀಕ್ಷಕರು ಅದನ್ನು ಸ್ಲಿಟ್ ಲ್ಯಾಂಪಿನಲ್ಲಿ ನೋಡಬೇಕು. ಲೆನ್ಸ್ 10 ಡಿಗ್ರಿ ತಿರುಗಿ ಕೂತರೆ ಸಿಲಿಂಡರಿನ ಸುಮಾರು ಮೂರನೇ ಒಂದು ಭಾಗ ತಿದ್ದದೆ ಉಳಿಯುತ್ತದೆ. 30 ಡಿಗ್ರಿ ತಿರುಗಿದರೆ ಟಾರಿಕ್ ಹಾಕಿಯೂ ಪ್ರಯೋಜನವಿಲ್ಲ. ತಿರುಗಿದ್ದರೂ ಒಂದೇ ಕಡೆ ಸ್ಥಿರವಾಗಿ ನಿಂತಿದ್ದರೆ ಆಕ್ಸಿಸ್ ಬದಲಿಸಿ ಸರಿಮಾಡಬಹುದು. ಪರೀಕ್ಷಕರಿಗೆ ಕಾಣುವಂತೆ ಗುರುತು ಎಡಕ್ಕೆ ಸರಿದಿದ್ದರೆ ಅಷ್ಟು ಡಿಗ್ರಿ ಕೂಡಿಸುವುದು, ಬಲಕ್ಕೆ ಸರಿದಿದ್ದರೆ ಕಳೆಯುವುದು. ರೆಪ್ಪೆ ಬಡಿದಾಗಲೆಲ್ಲಾ ಅತ್ತಿತ್ತ ಓಲಾಡುತ್ತಿದ್ದರೆ ಬೇರೆ ಕಂಪನಿಯ ಲೆನ್ಸ್ ನೋಡಬೇಕು.

ಆಮೇಲೆ ಪರೀಕ್ಷೆಯ ಕುರ್ಚಿಯಿಂದ ಎದ್ದು ಹೊರಗೆ ಬನ್ನಿ. ಕತ್ತಲೆ ಕೋಣೆಯ ಹೊಳೆಯುವ ಫಲಕದಲ್ಲಿ ಕೊನೆಯ ಸಾಲು ಓದಿದ್ದು ದೊಡ್ಡದಲ್ಲ. ಬಿ.ಎಚ್. ರಸ್ತೆಯಲ್ಲಿ ಬರುವ ಬಸ್ಸಿನ ಬೋರ್ಡನ್ನು ಎಷ್ಟು ದೂರದಿಂದ ಓದಲಾಗುತ್ತದೆ ನೋಡಿ. ಮೊಬೈಲಿನಲ್ಲಿ ನೀವು ದಿನವೂ ಬಳಸುವ ಅಕ್ಷರದ ಗಾತ್ರದಲ್ಲೇ ಓದಿ. ಹೋಟೆಲಿನ ಮಂದ ಬೆಳಕಿನಲ್ಲಿ ಬಿಲ್ ಓದಿ. ಮೆಟ್ಟಿಲು ಹತ್ತಿ ಇಳಿಯಿರಿ. ಮಲ್ಟಿಫೋಕಲ್ ಹಾಕಿದಾಗ ಒಂದೊಂದೇ ಕಣ್ಣು ಮುಚ್ಚಿ ಪರೀಕ್ಷಿಸುವ ಚಪಲ ಎಲ್ಲರಿಗೂ ಬರುತ್ತದೆ, ಅದನ್ನು ಬಿಡಿ. ಇವು ಎರಡು ಕಣ್ಣು ಕೂಡಿ ನೋಡಲೆಂದೇ ಇರುವ ಲೆನ್ಸುಗಳು.

ನೋಟ ಮಂಕಾದರೆ ಯಾವಾಗ ಆಗುತ್ತದೆ ಎಂಬುದನ್ನು ಗಮನಿಸಿ ಬಂದು ಹೇಳಿ. ರೆಪ್ಪೆ ಬಡಿದ ಕೂಡಲೇ ಮಂಕಾಗಿ ಆಮೇಲೆ ತಿಳಿಯಾದರೆ ಲೆನ್ಸ್ ಸಡಿಲವಿರಬಹುದು. ಬಡಿದ ಕ್ಷಣ ತಿಳಿಯಾಗಿ ಮತ್ತೆ ಮಂಕಾದರೆ ಕಣ್ಣು ಒಣಗುತ್ತಿರಬಹುದು ಅಥವಾ ಲೆನ್ಸ್ ಬಿಗಿಯಾಗಿರಬಹುದು. "ಸರಿಯಿಲ್ಲ" ಎಂಬ ಒಂದೇ ಮಾತಿಗಿಂತ ಇದು ನಮಗೆ ಎಷ್ಟೋ ಉಪಕಾರಿ.

ನೀರು, ಧೂಳು, ಮೆಣಸಿನಕಾಯಿ

ಇಡೀ ಲೇಖನದಲ್ಲಿ ಒಂದನ್ನೇ ನೆನಪಿಟ್ಟುಕೊಳ್ಳುವುದಾದರೆ ಇದು: ಲೆನ್ಸಿಗೆ ನೀರು ತಾಗಬಾರದು. ನಲ್ಲಿ ನೀರು, ಬೋರ್‌ವೆಲ್ ನೀರು, ಕಾಯಿಸಿ ಆರಿಸಿದ ನೀರು, ಯಾವುದೂ. ನೀರಿನಲ್ಲಿರುವ ಅಕಾಂಥಮೀಬಾ ಎಂಬ ಸೂಕ್ಷ್ಮಜೀವಿ ಲೆನ್ಸಿನ ಮೂಲಕ ಕಾರ್ನಿಯಾ ಸೇರಿದರೆ ಚಿಕಿತ್ಸೆ ತಿಂಗಳುಗಟ್ಟಲೆ ಎಳೆಯುತ್ತದೆ, ದೃಷ್ಟಿಯೂ ಹೋಗಬಹುದು. ಪಾವಗಡ, ಮಧುಗಿರಿ ಕಡೆಯವರು ಫ್ಲೋರೈಡಿನ ಭಯದಿಂದ ಶುದ್ಧ ಕುಡಿಯುವ ನೀರಿನ ಘಟಕದ ನೀರನ್ನೇ ಬಳಸುತ್ತಾರೆ. ಅದು ಕುಡಿಯಲು ಶುದ್ಧ, ಕ್ರಿಮಿರಹಿತವಲ್ಲ. ಅದರಲ್ಲೂ ಲೆನ್ಸ್ ಅದ್ದಬೇಡಿ. ಸ್ನಾನ, ಈಜು ಲೆನ್ಸ್ ತೆಗೆದಿಟ್ಟ ಮೇಲೆಯೇ.

ಕೈಯನ್ನು ಸೋಪಿನಿಂದ ತೊಳೆದು, ಎಳೆ ಬಿಡದ ಬಟ್ಟೆಯಲ್ಲಿ ಪೂರ್ತಿ ಒರೆಸಿ, ಆಮೇಲೆ ಲೆನ್ಸ್ ಮುಟ್ಟಿ. ಅಡುಗೆಮನೆಯಲ್ಲಿ ಹಸಿಮೆಣಸಿನಕಾಯಿ ಹೆಚ್ಚಿದ ದಿನ ಸೋಪೂ ಸಾಲದು. ಲೆನ್ಸನ್ನು ಅಡುಗೆಗೆ ಮೊದಲೇ ಹಾಕಿಕೊಳ್ಳಿ, ಸಂಜೆ ತೆಗೆಯುವ ಮುನ್ನ ಮೆಣಸಿನ ಗೊಡವೆ ಬೇಡ. ಚಾಳೀಸಿನವರಿಗೆ ಇನ್ನೊಂದು ಪೇಚು: ಲೆನ್ಸ್ ಹಾಕುವ ಹೊತ್ತಿಗೆ ಹತ್ತಿರದ್ದು ಕಾಣುವುದಿಲ್ಲ. ಮುಖವನ್ನು ದೊಡ್ಡದಾಗಿ ತೋರಿಸುವ ಕನ್ನಡಿಯೊಂದನ್ನು ಕೊಂಡಿಟ್ಟುಕೊಳ್ಳಿ, ಲೆನ್ಸ್ ಉಲ್ಟಾ ಆಗಿದೆಯೇ ಎಂದು ಬೆರಳ ತುದಿಯಲ್ಲಿಟ್ಟು ಓದುವ ಕನ್ನಡಕ ಹಾಕಿ ನೋಡಿ. ಯಾವಾಗಲೂ ಬಲಗಣ್ಣಿನಿಂದಲೇ ಶುರುಮಾಡಿ, ಎರಡು ಬಗೆಯ ಲೆನ್ಸ್ ಇರುವವರು ಅದಲುಬದಲು ಮಾಡಿಕೊಂಡರೆ ದಿನವಿಡೀ ಪರದಾಟ. ಟಾರಿಕ್ಕಿನ ಗುರುತನ್ನು ಆರು ಗಂಟೆಗೆ ಹಿಡಿದೇ ಹಾಕಬೇಕೆಂದೇನಿಲ್ಲ, ರೆಪ್ಪೆ ಅದನ್ನು ತಾನೇ ತಿರುಗಿಸಿಕೊಳ್ಳುತ್ತದೆ.

ತಿಂಗಳ ಲೆನ್ಸಿನವರು ರಾತ್ರಿ ತೆಗೆದು ದ್ರಾವಣದಲ್ಲಿ ಬೆರಳಿನಿಂದ ಉಜ್ಜಿ, ತೊಳೆದು, ಹೊಸ ದ್ರಾವಣದಲ್ಲಿ ನೆನೆಯಿಡಬೇಕು. ನಿನ್ನೆಯ ದ್ರಾವಣದ ಮೇಲೆ ಇವತ್ತಿನದನ್ನು ಸುರಿಯುವ ಮಿತವ್ಯಯ ಸೋಂಕಿನ ಮೂಲ. ಡಬ್ಬಿಯನ್ನು ಮೂರು ತಿಂಗಳಿಗೊಮ್ಮೆ ಬದಲಿಸಿ. ಲೆನ್ಸ್ ಹಾಕಿಕೊಂಡು ಮಲಗಬಾರದು, ಬೆಳಗಿನ ರೈಲಿನಲ್ಲಿ ಕಿಟಕಿಗೆ ತಲೆಯಾನಿಸಿ ತೆಗೆಯುವ ನಿದ್ದೆಯೂ ಇದರಲ್ಲಿ ಸೇರಿತು. ರಾಗಿ ಒಕ್ಕಣೆ, ಕಡಲೆಕಾಯಿ ಬಿಡಿಸುವುದು, ತೆಂಗಿನ ನಾರಿನ ಕೆಲಸ ಇರುವ ದಿನ ಕನ್ನಡಕವೇ ಇರಲಿ; ಸಸ್ಯದ ಚೂರು ಕಣ್ಣಿಗೆ ತಾಗಿ ಬರುವ ಶಿಲೀಂಧ್ರದ ಸೋಂಕು ಕೃಷಿಯ ಸೀಮೆಗಳಲ್ಲಿ ಹೊಸದಲ್ಲ.

ಕಣ್ಣು ಕೆಂಪಾಗಿ ನೋವು, ಬೆಳಕು ನೋಡಲಾಗದಿರುವುದು, ಪಿಸುರು, ಮಂಕು ಇವುಗಳಲ್ಲಿ ಯಾವುದು ಕಂಡರೂ ಲೆನ್ಸ್ ತೆಗೆದು ಅದೇ ದಿನ ಕಣ್ಣಿನ ವೈದ್ಯರ ಬಳಿ ಹೋಗಿ. ಲೆನ್ಸನ್ನೂ ಡಬ್ಬಿಯನ್ನೂ ಬಿಸಾಡದೆ ಜೊತೆಗೊಯ್ಯಿರಿ, ಯಾವ ಕ್ರಿಮಿ ಎಂದು ತಿಳಿಯಲು ಅವು ಬೇಕಾಗಬಹುದು. ಔಷಧಿ ಅಂಗಡಿಯಲ್ಲಿ ಕೇಳಿ ತಂದ ಸ್ಟೀರಾಯ್ಡ್ ಹನಿ ಕೆಂಪನ್ನು ಎರಡು ದಿನ ಮರೆಮಾಡಿ ಶಿಲೀಂಧ್ರವನ್ನು ಬೆಳೆಸುತ್ತದೆ. ಹರಳೆಣ್ಣೆ, ಎದೆಹಾಲು ಬೇಡವೇ ಬೇಡ. ಕಣ್ಣಿಗೆ ಬಟ್ಟೆ ಕಟ್ಟಬೇಡಿ. ಇಲ್ಲಿನ ವೈದ್ಯರು ಕಾರ್ನಿಯಾ ತಜ್ಞರ ಬಳಿ ಕಳಿಸಿದರೆ ತಡಮಾಡಬೇಡಿ. ಸರ್ಕಾರಿ ಆಸ್ಪತ್ರೆಯೇ ಬೇಕೆಂದರೆ ಬೆಂಗಳೂರಿನ ಮಿಂಟೊ ಇದೆ.

ಖರ್ಚಿನ ಮಾತು, ಮುಂದಿನ ವರ್ಷಗಳು

ಸಾದಾ ಲೆನ್ಸಿಗಿಂತ ಟಾರಿಕ್ ದುಬಾರಿ, ಅದಕ್ಕಿಂತ ಮಲ್ಟಿಫೋಕಲ್, ಎಲ್ಲಕ್ಕಿಂತ ಟಾರಿಕ್ ಮಲ್ಟಿಫೋಕಲ್. ವಾರಕ್ಕೆ ಎರಡು ಮೂರು ದಿನ, ಮದುವೆ, ಸಭೆ, ಪ್ರವಾಸಕ್ಕೆ ಮಾತ್ರ ಹಾಕುವವರಿಗೆ ದಿನಕ್ಕೊಂದು ಬಿಸಾಡುವ ಲೆನ್ಸೇ ಅಗ್ಗ ಮತ್ತು ಕ್ಷೇಮ. ತಿಂಗಳ ಲೆನ್ಸಿನ ತಿಂಗಳು ಪೊಟ್ಟಣ ಒಡೆದ ದಿನದಿಂದ ಎಣಿಕೆಯಾಗುತ್ತದೆ, ನೀವು ಹಾಕಿದ ದಿನಗಳಿಂದ ಅಲ್ಲ. ನಾಲ್ಕು ಸಲ ಮಾತ್ರ ಹಾಕಿದೆ ಎಂದು ಮೂರನೇ ತಿಂಗಳಿಗೂ ಎಳೆಯಬಾರದು. ಒಮ್ಮೆಗೆ ವರ್ಷಕ್ಕಾಗುವಷ್ಟು ಕೊಳ್ಳಬೇಡಿ. ಲೆನ್ಸ್ ಇದ್ದರೂ ಈಗಿನ ನಂಬರಿನ ಕನ್ನಡಕ ಒಂದು ಕೈಯಳತೆಯಲ್ಲಿರಲಿ, ಕಣ್ಣು ಬೇಡವೆಂದ ದಿನ ಅದೇ ಆಸರೆ.

ಒಂದು ವಾರಕ್ಕೆ, ಒಂದು ತಿಂಗಳಿಗೆ, ಆಮೇಲೆ ವರ್ಷಕ್ಕೊಮ್ಮೆ ತೋರಿಸಿ. ಆಡ್ ಏರುತ್ತಾ ಹೋಗುವುದರಿಂದ ನಲವತ್ತೈದರಲ್ಲಿ ಒಪ್ಪಿದ ಮೊನೊವಿಷನ್ ಐವತ್ತೆರಡರಲ್ಲಿ ಒಪ್ಪದಿರಬಹುದು. ಆಗ ಬೆರಕೆಯ ದಾರಿಗೋ ಓದುವ ಕನ್ನಡಕಕ್ಕೋ ಬದಲಾಯಿಸಿಕೊಳ್ಳುವುದು ಸಹಜ. ವಯಸ್ಸಾದಂತೆ ಸಿಲಿಂಡರಿನ ಆಕ್ಸಿಸ್ ಕೂಡ ನಿಧಾನಕ್ಕೆ ತಿರುಗುತ್ತದೆ, ಹಳೆಯ ಟಾರಿಕ್ ನಂಬರನ್ನೇ ಫೋನ್ ಮಾಡಿ ತರಿಸಿಕೊಳ್ಳುವ ಅಭ್ಯಾಸ ಬಿಡಿ. ಮುಂದೆ ಪೊರೆಯ ಶಸ್ತ್ರಚಿಕಿತ್ಸೆಯ ಕಾಲ ಬಂದಾಗ ಕಣ್ಣಿನ ಅಳತೆ ತೆಗೆಸುವ ಮುನ್ನ ಲೆನ್ಸ್ ನಿಲ್ಲಿಸಬೇಕು, ಮೆತ್ತನೆಯ ಟಾರಿಕ್ ಆದರೆ ಸುಮಾರು ಎರಡು ವಾರ, ಗಟ್ಟಿ ಲೆನ್ಸಾದರೆ ಅದಕ್ಕಿಂತ ಹೆಚ್ಚು. ಲೆನ್ಸ್ ಒತ್ತಿ ಬದಲಾದ ಕಾರ್ನಿಯಾದ ಅಳತೆಯ ಮೇಲೆ ಒಳಗಿಡುವ ಮಸೂರ ಆರಿಸಿದರೆ ನಂಬರ್ ತಪ್ಪುತ್ತದೆ. ಒಳಗಿಡುವ ಆ ಮಸೂರದಲ್ಲೂ ಟಾರಿಕ್ ಬಗೆ ಇದೆ, ಅದರ ಬಗ್ಗೆ ಆಗ ಶಸ್ತ್ರಚಿಕಿತ್ಸಕರನ್ನು ಕೇಳಿ.